ಎಣ್ಣೆ ಗಾಣದ ಮನೆಗೆ ಅತಿಥಿಗಳು ಬಂದ ಬಗೆ

ಸ್ಪೇನಿನ ದಕ್ಷಿಣದಲ್ಲಿರುವ ಸೆವಿಲ್ ನಗರದಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಾಕು, ಆಲಿವ್ ತೋಪುಗಳ ನಡುವೆ ಸುಣ್ಣ ಬಳಿದ ಭಾರಿ ಮನೆಗಳು ಕಾಣತೊಡಗುತ್ತವೆ. ಹೇರು ತುಂಬಿದ ಗಾಡಿ ಸಲೀಸಾಗಿ ಒಳನುಗ್ಗುವಷ್ಟು ಅಗಲದ ಹೆಬ್ಬಾಗಿಲು. ಅದನ್ನು ದಾಟಿದರೆ ಕಲ್ಲು ಹಾಸಿದ ಅಂಗಳ, ಕಿತ್ತಳೆ ಗಿಡಗಳ ನೆರಳು, ಒಂದು ಬಾವಿ. ಊರಿನವರು ಈ ಮನೆಗಳನ್ನು ಹಸಿಯೆಂಡಾ ಎನ್ನುತ್ತಾರೆ. ಎಣ್ಣೆ ತೆಗೆಯಲೆಂದೇ ಕಟ್ಟಿದ ಇವುಗಳಲ್ಲಿ ಹಲವು ಇಂದು ಹೋಟೆಲ್‌ಗಳಾಗಿವೆ. ಒಂದು ಕಾಲಕ್ಕೆ ಹೇಸರಗತ್ತೆಗಳನ್ನು ಕಟ್ಟುತ್ತಿದ್ದ ಕಡೆ ಈಗ ಅತಿಥಿಗಳು ಊಟಕ್ಕೆ ಕೂರುತ್ತಾರೆ. ಕೂಲಿಯಾಳುಗಳು ಮಲಗುತ್ತಿದ್ದ ಉದ್ದನೆಯ ಕೊಟ್ಟಿಗೆಗಳು ಸ್ನಾನದ ಮನೆ ಸಹಿತವಾದ ಕೋಣೆಗಳಾಗಿವೆ.

ಈ ಮನೆಗಳ ಒಂದು ಮೂಲೆಯಲ್ಲಿ ಚೌಕಾಕಾರದ ದಪ್ಪ ಗೋಪುರ ಎದ್ದು ನಿಂತಿರುತ್ತದೆ. ತುದಿಗೆ ಬಣ್ಣದ ಹೆಂಚಿನ ಚಾವಣಿ, ಕೆಲವೆಡೆ ಕುಸುರಿ ಕೆಲಸದ ಅಂಚು. ಹೊಸಬರು ಅದನ್ನು ಪ್ರಾರ್ಥನಾ ಮಂದಿರದ ಗೋಪುರ ಎಂದೇ ತಿಳಿಯುತ್ತಾರೆ. ಒಳಗೆ ಮೆಟ್ಟಿಲಿಲ್ಲ, ಗಂಟೆಯೂ ಇಲ್ಲ. ಅದು ನಿಂತಿರುವುದು ತನ್ನ ತೂಕದ ಕೆಲಸಕ್ಕಾಗಿ. ಈ ಗೋಪುರದ ಕೆಲಸ ಏನೆಂದು ತಿಳಿದರೆ ಇಡೀ ಮನೆಯ ಕಥೆ ಅರ್ಥವಾಗುತ್ತದೆ.

ತೊಲೆ, ಕಲ್ಲು, ಗೋಪುರ

ಹಳೆಯ ಹಸಿಯೆಂಡಾದ ಹೃದಯವೆಂದರೆ ತೊಲೆಗಾಣ. ಮೊದಲು ಹೇಸರಗತ್ತೆ ಎಳೆಯುವ ಬೀಸುವ ಕಲ್ಲಿನಡಿ ಆಲಿವ್ ಕಾಯಿಯನ್ನು ಬೀಜ ಸಮೇತ ಅರೆಯುತ್ತಿದ್ದರು. ಆ ಮುದ್ದೆಯನ್ನು ನಾರಿನಿಂದ ಹೆಣೆದ ದುಂಡನೆಯ ಚಾಪೆಗಳ ಮೇಲೆ ಹರಡಿ, ಒಂದರ ಮೇಲೊಂದು ಪೇರಿಸುತ್ತಿದ್ದರು. ಆ ಪೇರಿಕೆಯ ಮೇಲೆ ಬರುತ್ತಿತ್ತು ಹಲವು ಮರಗಳನ್ನು ಜೋಡಿಸಿ ಬಿಗಿದ, ಹತ್ತು ಮೀಟರಿಗೂ ಉದ್ದದ ತೊಲೆ. ಅದರ ಒಂದು ತುದಿ ಗೋಡೆಯೊಳಗೆ ಹುದುಗಿದ್ದರೆ, ಇನ್ನೊಂದು ತುದಿಯಿಂದ ಮರದ ತಿರುಪೊಂದು ಇಳಿದಿರುತ್ತಿತ್ತು. ತಿರುಪಿನ ಬುಡದಲ್ಲಿ ಟನ್‌ಗಟ್ಟಲೆ ತೂಗುವ ಗುಂಡುಕಲ್ಲು.

ಆಳುಗಳು ತಿರುಪನ್ನು ಸುತ್ತಿದಂತೆ ಕಲ್ಲು ನೆಲ ಬಿಟ್ಟು ಮೇಲೇಳುತ್ತಿತ್ತು. ಅದರ ಭಾರವೆಲ್ಲ ತೊಲೆಯ ತುದಿಗೆ ಜೋತುಬಿದ್ದು ಚಾಪೆಗಳನ್ನು ಅದುಮುತ್ತಿತ್ತು. ಆಗ ಗೋಡೆಯೊಳಗಿನ ತುದಿ ಮೇಲಕ್ಕೆ ಚಿಮ್ಮಲು ನೋಡುತ್ತದೆ. ಸಾಧಾರಣ ಗೋಡೆಯಾದರೆ ಆ ಒತ್ತಡಕ್ಕೆ ಬಿರಿದೇ ಹೋಗುತ್ತಿತ್ತು. ಅದನ್ನು ಮೇಲಿನಿಂದ ಅದುಮಿ ಹಿಡಿಯಲೆಂದೇ ಆ ದಪ್ಪ ಗೋಪುರ. ಗಾಣ ಎಷ್ಟಿವೆಯೋ ಅಷ್ಟು ಗೋಪುರ ಬೇಕು. ಎರಡು ಗೋಪುರವಿದ್ದರೆ ಅದು ದೊಡ್ಡ ತೋಟದ ಮನೆ ಎಂದು ದೂರದಿಂದಲೇ ಹೇಳಬಹುದಾಗಿತ್ತು.

ಹಿಂಡಿದ್ದು ನೇರವಾಗಿ ಎಣ್ಣೆಯಾಗಿ ಸಿಗುತ್ತಿರಲಿಲ್ಲ. ಕಾಯಿಯ ಕಪ್ಪು ಕಹಿ ನೀರೂ ಅದರೊಡನೆ ಇಳಿಯುತ್ತಿತ್ತು. ಎರಡನ್ನೂ ತೊಟ್ಟಿಯಲ್ಲಿ ನಿಲ್ಲಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ನೆಲದಲ್ಲಿ ಹೂತಿಟ್ಟ ಮಣ್ಣಿನ ಗುಡಾಣಗಳಿಗೆ ತುಂಬುತ್ತಿದ್ದರು. ಇಂದು ಹೋಟೆಲ್‌ಗಳ ಅಂಗಳದಲ್ಲಿ ಹೂಗಿಡ ನೆಟ್ಟುಕೊಂಡು ನಿಂತಿರುವ ಆಳೆತ್ತರದ ಗುಡಾಣಗಳು ಅವೇ.

ಹಡಗು ತಂದ ಸಿರಿ

ಸೆವಿಲ್ ಮೂಲಕ ಹರಿಯುವ ಗ್ವಾಡಲ್‌ಕ್ವಿವಿರ್ ನದಿ ಬಯಲಿನ ಎಣ್ಣೆಗೆ ಎರಡು ಸಾವಿರ ವರ್ಷಗಳ ಮಾರುಕಟ್ಟೆಯ ಇತಿಹಾಸವಿದೆ. ರೋಮ್ ನಗರದಲ್ಲಿ ಮಾಂಟೆ ಟೆಸ್ಟಾಚೊ ಎಂಬ ಗುಡ್ಡವಿದೆ. ಸುಮಾರು 35 ಮೀಟರ್ ಎತ್ತರದ ಆ ಗುಡ್ಡ ಇಡಿಯಾಗಿ ಒಡೆದ ಎಣ್ಣೆ ಗಡಿಗೆಗಳದ್ದು. ಅವುಗಳಲ್ಲಿ ಬಹುಪಾಲು ಇದೇ ಬಯಲಿನಿಂದ ಹೋದವು. ತೂಕ ಎಷ್ಟು, ವ್ಯಾಪಾರಿ ಯಾರು ಎಂಬ ಬರಹ ಈಗಲೂ ಎಷ್ಟೋ ಚೂರುಗಳ ಮೇಲೆ ಉಳಿದಿದೆ.

ಆದರೆ ಇಂದು ನಾವು ನೋಡುವ ಮನೆಗಳನ್ನು ಕಟ್ಟಿಸಿದ್ದು ಅಮೆರಿಕದ ವ್ಯಾಪಾರ. 1503ರಲ್ಲಿ ಸೆವಿಲ್‌ನಲ್ಲಿ ವ್ಯಾಪಾರ ಭವನ ಸ್ಥಾಪನೆಯಾಯಿತು. ಅಟ್ಲಾಂಟಿಕ್ ಆಚೆಯ ವಸಾಹತುಗಳಿಗೆ ಹೋಗುವ ಸರಕೆಲ್ಲ ಅದರ ಕೈಯಿಂದಲೇ ಸಾಗಬೇಕಾಗಿತ್ತು. ಹಡಗುಗಳಲ್ಲಿ ಮೂರನೇ ಒಂದು ಪಾಲು ಜಾಗವನ್ನು ಈ ಸೀಮೆಯ ಬೆಳೆಗಾರರ ಎಣ್ಣೆ, ದ್ರಾಕ್ಷಾರಸಗಳಿಗೆ ಮೀಸಲಿಡುವ ಪದ್ಧತಿಯೂ ಬಂತು. ತೋಟವಿದ್ದವನಿಗೆ ಹಡಗಿನಲ್ಲಿ ಜಾಗ, ಜಾಗವಿದ್ದವನಿಗೆ ಲಾಭ. ವರ್ತಕರು, ಶ್ರೀಮಂತ ಮನೆತನಗಳು, ಕ್ರೈಸ್ತ ಮಠಗಳು ತೋಟ ಕೊಳ್ಳಲು ಪೈಪೋಟಿಗಿಳಿದವು. 1717ರಲ್ಲಿ ವ್ಯಾಪಾರ ಭವನ ಕಾಡಿಸ್ ಬಂದರಿಗೆ ಹೋದರೂ ತೋಟಗಳು ಸೊರಗಲಿಲ್ಲ. ನಾವು ಇಂದು ಮೆಚ್ಚಿ ನೋಡುವ ಅಲಂಕಾರದ ಹೆಬ್ಬಾಗಿಲುಗಳು, ಗೋಪುರಗಳು ಬಹುತೇಕ 18ನೇ ಶತಮಾನದವು.

ಒಡೆತನ ಮಾತ್ರ ಒಂದೇ ಕೈಯಲ್ಲಿ ಉಳಿಯಲಿಲ್ಲ. 1767ರಲ್ಲಿ ದೊರೆ 3ನೇ ಕಾರ್ಲೋಸ್ ಜೆಸ್ವಿಟ್ ಪಾದ್ರಿಗಳನ್ನು ದೇಶದಿಂದ ಹೊರಗಟ್ಟಿದಾಗ ಅವರ ಹಸಿಯೆಂಡಾಗಳು ಮಾರಾಟಕ್ಕೆ ಬಂದವು. 1836ರಲ್ಲಿ ಮಂತ್ರಿ ಮೆಂಡಿಸಾಬಲ್ ಮಠಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿ ಹರಾಜಿಗಿಟ್ಟಾಗ ಇನ್ನಷ್ಟು ಭೂಮಿ ಹಣವಂತರ ಪಾಲಾಯಿತು. ಉಳುವವರಿಗೆ ಈ ಹರಾಜಿನಿಂದ ದಕ್ಕಿದ್ದು ಅಷ್ಟಕ್ಕಷ್ಟೆ. ಸೆವಿಲ್ ಸೇರಿರುವ ಆಂಡಲೂಸಿಯಾ ಪ್ರದೇಶದಲ್ಲಿ ದೊಡ್ಡ ಹಿಡುವಳಿಗಳು ಇನ್ನಷ್ಟು ಗಟ್ಟಿಯಾಗಿ ಬೇರುಬಿಟ್ಟಿದ್ದು ಹೀಗೆ.

ಒಡೆಯನ ಅಂಗಳ, ಆಳುಗಳ ಅಂಗಳ

ಹಸಿಯೆಂಡಾದ ನಕ್ಷೆಯಲ್ಲೇ ಈ ಸಮಾಜ ಅಚ್ಚಾಗಿದೆ. ಒಂದು ಅಂಗಳ ಒಡೆಯನದು. ಅಲ್ಲಿ ಕಮಾನುಗಳ ಜಗಲಿ, ಕಿತ್ತಳೆ ಗಿಡ, ಕಾರಂಜಿ, ಪಕ್ಕದಲ್ಲಿ ಪ್ರಾರ್ಥನಾ ಮಂದಿರ. ಒಡೆಯ ವರ್ಷವಿಡೀ ಅಲ್ಲಿರುತ್ತಿರಲಿಲ್ಲ. ಅವನ ವಾಸ ಸೆವಿಲ್‌ನಲ್ಲಿ. ಕೊಯ್ಲಿನ ಕಾಲಕ್ಕೆ, ವಸಂತದಲ್ಲಿ ಸಂಸಾರ ಸಮೇತ ಬಂದು ಹೋಗುತ್ತಿದ್ದ. ಇನ್ನೊಂದು ಅಂಗಳ ದುಡಿಮೆಯದು. ಗಾಣ, ಲಾಯ, ಕಣಜ, ಮೇಸ್ತ್ರಿಯ ಮನೆ, ಆಳುಗಳ ಕೊಟ್ಟಿಗೆ ಎಲ್ಲವೂ ಅಲ್ಲೇ.

ಆಲಿವ್ ಕೊಯ್ಲು ಚಳಿಗಾಲದ ಕೆಲಸ. ಗಂಡಸರು ಉದ್ದ ಕೋಲಿನಿಂದ ಕೊಂಬೆ ಬಡಿಯುತ್ತಿದ್ದರು. ಹೆಂಗಸರು, ಮಕ್ಕಳು ಮಂಜಿನಲ್ಲಿ ನೆನೆದ ನೆಲದಿಂದ ಕಾಯಿ ಆಯುತ್ತಿದ್ದರು. ದೂರದೂರುಗಳಿಂದ ಗುಂಪುಗುಂಪಾಗಿ ಬಂದ ದಿನಗೂಲಿಗಳಿಗೆ ಕೊಟ್ಟಿಗೆಯ ಗೋಡೆಯುದ್ದಕ್ಕೂ ಕಟ್ಟಿದ ಜಗಲಿಯೇ ಹಾಸಿಗೆ, ಹೊದೆಯಲು ತಂದುಕೊಂಡ ಕಂಬಳಿ. ತೋಟದಿಂದ ಸಿಗುತ್ತಿದ್ದ ಪಡಿಯೆಂದರೆ ರೊಟ್ಟಿ, ಎಣ್ಣೆ, ವಿನೆಗರ್. ಬೆಳ್ಳುಳ್ಳಿ, ಉಪ್ಪು ಸೇರಿಸಿ ಮರದ ಬಟ್ಟಲಲ್ಲಿ ಕುಟ್ಟಿ, ಹಳಸಿದ ರೊಟ್ಟಿ ನೆನೆಸಿ, ತಣ್ಣೀರು ಬೆರೆಸಿದರೆ ಊಟ ಸಿದ್ಧ. ಅಮೆರಿಕದಿಂದ ಬಂದ ಟೊಮೆಟೊ ಆಮೇಲೆ ಅದಕ್ಕೆ ಸೇರಿಕೊಂಡಿತು. ಇದೇ ಗಸ್ಪಾಚೊ. ಇಂದು ಬೇಸಿಗೆಯಲ್ಲಿ ಈಜುಕೊಳದ ಪಕ್ಕ ಗಾಜಿನ ಲೋಟದಲ್ಲಿ ಬರುವ ಕೆಂಪು ತಂಪು ಸಾರು ಹುಟ್ಟಿದ್ದು ಭೂಮಿಯಿಲ್ಲದವರ ಕೈಯಲ್ಲಿ.

ಈ ಅಸಮಾನತೆ 20ನೇ ಶತಮಾನದಲ್ಲಿ ಸಿಡಿಯಿತು. 1932ರ ಭೂಸುಧಾರಣೆ ಕಾಯ್ದೆ ದೊಡ್ಡ ಹಿಡುವಳಿಗಳನ್ನು ಒಡೆಯಲು ಹೊರಟಿತು. ಅದು ಪೂರ್ತಿಯಾಗಿ ನೆಲಕ್ಕಿಳಿಯುವ ಮೊದಲೇ, 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. 1939ರಲ್ಲಿ ಗೆದ್ದ ಫ್ರಾಂಕೊ ಆಡಳಿತ ಸುಧಾರಣೆಯನ್ನು ಅಳಿಸಿಹಾಕಿತು. ಭೂಮಿ ಹಳೆಯ ಒಡೆಯರ ಬಳಿಯೇ ಉಳಿಯಿತು.

ಗಾಣ ನಿಂತಿತು, ಊರು ಬರಿದಾಯಿತು

ಕಾಯ್ದೆಗೆ ಆಗದ್ದನ್ನು ಯಂತ್ರ ಮಾಡಿತು. ನೀರಿನ ಒತ್ತಡದಿಂದ ನಡೆಯುವ ಕಬ್ಬಿಣದ ಹಿಂಡುಯಂತ್ರ ಬಂದ ಮೇಲೆ ತೊಲೆ ಮೂಲೆ ಸೇರಿತು. ಆಮೇಲೆ ಎಣ್ಣೆ ತೆಗೆಯುವ ಕೆಲಸವೇ ತೋಟ ಬಿಟ್ಟು ಸಹಕಾರಿ ಸಂಘಗಳ ಗಿರಣಿಗಳಿಗೆ ಹೋಯಿತು. ಸೆವಿಲ್ ಸುತ್ತಮುತ್ತ ಎಷ್ಟೋ ತೋಟಗಳು ಎಣ್ಣೆ ಬಿಟ್ಟು ಉಪ್ಪಿನಲ್ಲಿ ಹಾಕುವ ಮಾಂಸಾನಿಯಾ, ಗೋರ್ಡಲ್ ಕಾಯಿಗಳತ್ತ ಹೊರಳಿದವು. ಟ್ರ್ಯಾಕ್ಟರ್ ಬಂದು ಹೇಸರಗತ್ತೆಯ ಲಾಯ ಖಾಲಿಯಾಯಿತು. 1950ರಿಂದ 70ರ ದಶಕದವರೆಗೆ ಲಕ್ಷಾಂತರ ಕೂಲಿಗಳು ಬಾರ್ಸಿಲೋನಾ, ಮ್ಯಾಡ್ರಿಡ್, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳ ರೈಲು ಹತ್ತಿದರು. ಎಣ್ಣೆ ಉದ್ಯಮ ಮಾತ್ರ ಸಾಯಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ದೇಶ ಇಂದಿಗೂ ಸ್ಪೇನ್. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಆಂಡಲೂಸಿಯಾದ್ದೇ. ಆದರೆ ಆ ಎಣ್ಣೆಗೆ ಈ ಮನೆ ಬೇಡವಾಯಿತು.

ಕೆಲಸವಿಲ್ಲದ ಮನೆ ಬೇಗ ಹಾಳಾಗುತ್ತದೆ. ಸೆವಿಲ್ ಸೀಮೆಯ ಹಸಿಯೆಂಡಾಗಳಲ್ಲಿ ಬಹಳಷ್ಟು ಗೋಡೆಗಳು ಮಣ್ಣನ್ನು ಅಚ್ಚಿನಲ್ಲಿ ತುಂಬಿ ಧಮ್ಮಸು ಮಾಡಿ ಎಬ್ಬಿಸಿದವು. ಮೇಲೆ ಹೆಂಚು, ಮೈಗೆ ಸುಣ್ಣ ಇರುವಷ್ಟು ದಿನ ಅವು ಶತಮಾನ ಬಾಳುತ್ತವೆ. ಹೆಂಚು ಸರಿದು ನೀರು ಒಳಗಿಳಿಯಲು ಶುರುವಾದರೆ ಕೆಲವೇ ಮಳೆಗಾಲಕ್ಕೆ ಕರಗಿ ಕುಸಿಯುತ್ತವೆ.

ಸರ್ಕಾರ ಹಾಕಿಕೊಟ್ಟ ದಾರಿ

ಹಳೆಯ ಕಟ್ಟಡದಲ್ಲಿ ಪ್ರವಾಸಿಗರನ್ನು ಇಳಿಸಿ ಅದನ್ನು ಉಳಿಸಿಕೊಳ್ಳಬಹುದು ಎಂಬ ಆಲೋಚನೆಗೆ ಸ್ಪೇನ್‌ನಲ್ಲಿ ಆ ಹೊತ್ತಿಗಾಗಲೇ ಅರ್ಧ ಶತಮಾನದ ಅನುಭವವಿತ್ತು. 1911ರಲ್ಲಿ ಸರ್ಕಾರ ಪ್ರವಾಸೋದ್ಯಮಕ್ಕೆಂದೇ ರಾಜ ಆಯುಕ್ತರ ಹುದ್ದೆ ಸೃಷ್ಟಿಸಿ ಅದನ್ನು ವೆಗಾ-ಇಂಕ್ಲಾನ್‌ನ ಮಾರ್ಕಿಸ್ ಬೆನಿಗ್ನೊ ಡೆ ಲಾ ವೆಗಾ ಅವರಿಗೆ ಒಪ್ಪಿಸಿತು. ಖಾಸಗಿ ಹೋಟೆಲಿನವರು ಕಾಲಿಡದ ಹಳ್ಳಿಗಾಡಿನಲ್ಲಿ ಸರ್ಕಾರವೇ ಅಚ್ಚುಕಟ್ಟಾದ ತಂಗುದಾಣ ತೆರೆಯಬೇಕು ಎಂಬುದು ಅವರ ಒತ್ತಾಸೆ. 1928ರ ಅಕ್ಟೋಬರ್ 9ರಂದು ಗ್ರೆಡೋಸ್ ಬೆಟ್ಟಸಾಲಿನಲ್ಲಿ ಅಂಥ ಮೊದಲ ತಂಗುದಾಣ ತೆರೆಯಿತು. ಜಾಗ ಆರಿಸಿದ್ದು ದೊರೆ 13ನೇ ಅಲ್ಫೋನ್ಸೊ. ಪರಡೋರ್ ಎಂದು ಕರೆದ ಈ ತಂಗುದಾಣ ಹೊಸದಾಗಿ ಕಟ್ಟಿದ್ದು. 1930ರಲ್ಲಿ ಒರೋಪೆಸಾದ ಕೋಟೆ ಅರಮನೆಯಲ್ಲಿ, ಊಬೆಡಾದ 16ನೇ ಶತಮಾನದ ಸೌಧದಲ್ಲಿ ಪರಡೋರ್‌ಗಳು ಬಂದ ಮೇಲೆ ದಾರಿ ಖಚಿತವಾಯಿತು. 1960ರ ದಶಕದಲ್ಲಿ ಮಂತ್ರಿ ಮಾನ್ವೆಲ್ ಫ್ರಾಗಾ ಕಾಲದಲ್ಲಿ ಅವುಗಳ ಸಂಖ್ಯೆ ದುಪ್ಪಟ್ಟಾಯಿತು. ಇಂದು ನೂರರ ಹತ್ತಿರ ಇವೆ. ಸೆವಿಲ್ ಪಕ್ಕದ ಕಾರ್ಮೋನಾದಲ್ಲಿ, ದೊರೆ ಪೆಡ್ರೊನ ಹಳೆಯ ಕೋಟೆಯಲ್ಲೇ ಒಂದಿದೆ. ಅದರ ಕಿಟಕಿಯಿಂದ ಕೆಳಗಿನ ಬಯಲೆಲ್ಲ ಕಾಣುತ್ತದೆ.

ಕೋಟೆ, ಮಠಗಳಿಗೆ ಸರ್ಕಾರ ಸಿಕ್ಕಿತು. ತೋಟದ ಮನೆಗಳಿಗೆ ಯಾರು? ಉತ್ತರದ ಆಸ್ಟೂರಿಯಾಸ್‌ನ ತಾರಾಮುಂಡಿ ಎಂಬ ಪುಟ್ಟ ಊರು ಒಂದು ಉತ್ತರ ಕೊಟ್ಟಿತು. ಜನ ಬಿಟ್ಟು ಹೋಗುತ್ತಿದ್ದ ಆ ಊರಿನಲ್ಲಿ 18ನೇ ಶತಮಾನದ ಪಾದ್ರಿಯ ಮನೆಯನ್ನು ದುರಸ್ತಿ ಮಾಡಿ 1986ರಲ್ಲಿ ಹೋಟೆಲ್ ತೆರೆದರು. ಚಾಕು ಮಾಡುವ ಕಮ್ಮಾರರು, ನೀರಿನ ಗಿರಣಿಗಳು, ಹಳ್ಳಿಯ ಅಡುಗೆಯೇ ಅಲ್ಲಿನ ಆಕರ್ಷಣೆ. ಸ್ಪೇನ್‌ನ ಹಳ್ಳಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಇದೇ ಊರು. ಅದೇ ವರ್ಷ ಸ್ಪೇನ್ ಯುರೋಪಿನ ಆರ್ಥಿಕ ಸಮುದಾಯ ಸೇರಿತು. 1991ರಿಂದ ಲೀಡರ್ ಎಂಬ ಯೋಜನೆಯಡಿ ಹಳ್ಳಿಗಳ ಇಂಥ ಕೆಲಸಗಳಿಗೆ ಯುರೋಪಿನ ಹಣವೂ ಬರತೊಡಗಿತು.

ಸೆವಿಲ್‌ನ ಹಸಿಯೆಂಡಾಗಳಿಗೆ ತಿರುವು ಕೊಟ್ಟಿದ್ದು 1992. ಆ ಏಪ್ರಿಲ್‌ನಲ್ಲಿ ನಗರದಲ್ಲಿ ಜಾಗತಿಕ ಮೇಳ ಎಕ್ಸ್‌ಪೊ ಆರಂಭವಾಯಿತು. ಅದೇ ವಾರ ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ದೇಶದ ಮೊದಲ ಅತಿವೇಗದ ರೈಲು ಓಡಿತು. ನಗರದ ಹೋಟೆಲ್‌ಗಳಾಚೆಗೂ ಉಳಿಯಲು ಬಯಸುವ ಜನ ಸಿಕ್ಕರು. ಸೂರು ಸೋರುತ್ತಿದ್ದ ಮನೆಯನ್ನು ಏನು ಮಾಡುವುದೆಂದು ತಿಳಿಯದಿದ್ದ ಎಷ್ಟೋ ಮನೆತನಗಳು ಅತಿಥಿಗಳಿಗೆ, ಮದುವೆಗಳಿಗೆ ಹೆಬ್ಬಾಗಿಲು ತೆರೆದವು.

ಸುಣ್ಣ ಉಳಿಸುವ ಹಣ

ಇಂಥ ಮನೆಯನ್ನು ಹೋಟೆಲ್ ಮಾಡುವುದೆಂದರೆ ಸ್ನಾನದ ಮನೆ ಕೂರಿಸುವುದಷ್ಟೇ ಆಗಿದ್ದರೆ ಸುಲಭವಿತ್ತು. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆ ಒಳಗಿಂದಲೇ ಸಡಿಲವಾಗುತ್ತದೆ. ಸುಣ್ಣ ಹಾಗಲ್ಲ, ತೇವವನ್ನು ಆರಲು ಬಿಡುತ್ತದೆ. ಉರಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಬಯಲಿನಲ್ಲಿ ಮೊಳಗಟ್ಟಲೆ ದಪ್ಪದ ಗೋಡೆ, ಸುಣ್ಣದ ಬಿಳುಪು, ಮಧ್ಯಾಹ್ನ ಮುಚ್ಚಿದ ಕಿಟಕಿಗಳು ಕೋಣೆಯನ್ನು ತಂಪಾಗಿಡುತ್ತವೆ. ಆದ್ದರಿಂದ ಒಳ್ಳೆಯ ದುರಸ್ತಿಗೆ ಸಾಂಪ್ರದಾಯಿಕ ಸುಣ್ಣವೇ ಬೇಕು. ಸೆವಿಲ್ ಪ್ರಾಂತದ ಮೊರೋನ್ ಡೆ ಲಾ ಫ್ರೊಂಟೇರಾದಲ್ಲಿ ಕಲ್ಲು ಸುಟ್ಟು ಸುಣ್ಣ ಮಾಡುವ ಕಸುಬು ಮತ್ತೆ ಜೀವ ಪಡೆದಿದೆ. ಅದನ್ನು ಉಳಿಸಿದ ರೀತಿಯನ್ನು ಯುನೆಸ್ಕೊ 2011ರಲ್ಲಿ ಮಾದರಿ ಎಂದು ಗುರುತಿಸಿತು. ಮನೆ ಉಳಿದರೆ ಸುಣ್ಣದ ಗೂಡೂ ಉರಿಯುತ್ತದೆ. ಹೆಂಚಿನವರು, ಬಡಗಿಗಳು, ಕಲ್ಲು ಹಾಸುವವರಿಗೂ ಕೆಲಸ ಇರುತ್ತದೆ. ಅತಿಥಿ ಒಂದು ರಾತ್ರಿಗೆ ಕೊಡುವ ಹಣ ಈ ಕೈಗಳಿಗೂ ತಲುಪುತ್ತದೆ ಎಂಬುದೇ ಇಂಥ ಹೋಟೆಲ್‌ಗಳ ಪರವಾಗಿ ಆಡಬಹುದಾದ ಬಲವಾದ ಮಾತು.

ಹೀಗಿದ್ದರೂ ಒಂದು ಕೊರತೆ ಮನಸ್ಸಿಗೆ ನಾಟುತ್ತದೆ. ಇಂಥ ಮನೆಗಳ ಪರಿಚಯ ಪತ್ರಗಳಲ್ಲಿ ಒಡೆಯರ ಮನೆತನ, ಬಂದುಹೋದ ಗಣ್ಯರು, ಅಂಗಳದ ಚೆಲುವು ಧಾರಾಳವಾಗಿ ಇರುತ್ತವೆ. ಕೋಲು ಬಡಿದವರು, ಕಾಯಿ ಆಯ್ದವರು, ತಿರುಪು ಸುತ್ತಿದವರು ಅಪರೂಪ. ಗೋಪುರವನ್ನು ಜೋಪಾನ ಮಾಡಿದವರು ಗೋಪುರದಡಿ ದುಡಿದವರ ನೆನಪನ್ನೂ ಜೋಪಾನ ಮಾಡಬೇಕು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಗಾಣದ ಮನೆಯನ್ನು ಬರಿ ಊಟದ ಮನೆ ಮಾಡದೆ ತೊಲೆ, ಕಲ್ಲುಗಳನ್ನು ಇದ್ದಲ್ಲೇ ಉಳಿಸಬೇಕು. ಕೊಟ್ಟಿಗೆಯ ಗೋಡೆಯ ಮೇಲೆ ಅಲ್ಲಿ ಮಲಗುತ್ತಿದ್ದವರ ಬಗ್ಗೆ ನಾಲ್ಕು ಸಾಲು ಬರೆಸಬೇಕು. ಪಕ್ಕದ ಊರುಗಳಲ್ಲಿ ಇನ್ನೂ ಇರುವ ಹಿರಿಯ ಕೂಲಿಗಾರರ ಮಾತನ್ನು ದಾಖಲಿಸಬೇಕು. ಅಲ್ಲಿಗೆ ಹೋಗಿ ತಂಗುವವರೂ ಕೋಣೆಯ ಬೆಲೆ ಕೇಳುವಾಗಲೇ ಈ ಕೋಣೆ ಮೊದಲು ಏನಾಗಿತ್ತು ಎಂದು ಕೇಳಲಿ. ಕೇಳುವವರು ಹೆಚ್ಚಾದರೆ ಉತ್ತರ ಸಿದ್ಧವಿಟ್ಟುಕೊಳ್ಳುವ ಮನೆಗಳೂ ಹೆಚ್ಚುತ್ತವೆ.