ಜಾಲಿಮುಳ್ಳು ಹಿಡಿದು ಕಲಿತ ವಿಜ್ಞಾನ

ಪರೀಕ್ಷೆಯ ಹಿಂದಿನ ರಾತ್ರಿ. ‘ಲೋಲಕದ ಆವರ್ತಕಾಲವು ಗುಂಡಿನ ತೂಕವನ್ನು ಅವಲಂಬಿಸಿಲ್ಲ’ ಎಂದು ಏಳನೆಯ ತರಗತಿಯ ಹುಡುಗಿ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾಳೆ. ಪುಸ್ತಕ ಹಿಡಿದು ಕುಳಿತ ಅಪ್ಪನಿಗೆ ಸಮಾಧಾನ, ಒಂದಕ್ಷರವೂ ತಪ್ಪಿಲ್ಲ. ಆದರೆ ‘ಲೋಲಕವನ್ನು ನೀನೇ ತೂಗಿಬಿಟ್ಟು ನೋಡಿದ್ದೀಯೇನಮ್ಮಾ?’ ಎಂದು ಕೇಳಿದರೆ? ಎಷ್ಟೋ ಮನೆಗಳಲ್ಲಿ ಮೌನವೇ ಉತ್ತರ.

ಈ ಬಾಯಿಪಾಠದ ವಿಜ್ಞಾನಕ್ಕೆ ಬದಲಿ ಹುಡುಕುವ ದೊಡ್ಡ ಪ್ರಯತ್ನವೊಂದು ನಮ್ಮ ದೇಶದಲ್ಲೇ ನಡೆದಿತ್ತು. ಅದೂ ಮಹಾನಗರದ ದುಬಾರಿ ಶಾಲೆಗಳಲ್ಲಲ್ಲ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ. ಈ ಜಿಲ್ಲೆಗೆ ಈಗ ನರ್ಮದಾಪುರಂ ಎಂಬ ಹೆಸರಿದೆ. 1972ರಲ್ಲಿ ‘ಕಿಶೋರ್ ಭಾರತಿ’ ಹಾಗೂ ರಸೂಲಿಯಾದ ‘ಫ್ರೆಂಡ್ಸ್ ರೂರಲ್ ಸೆಂಟರ್’ ಎಂಬ ಸಂಸ್ಥೆಗಳು 16 ಶಾಲೆಗಳಲ್ಲಿ ಈ ಕೆಲಸ ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಮುಂದೆ ಅದನ್ನು ನಡೆಸಿಕೊಂಡು ಹೋಯಿತು.

ಅಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ನಾಲ್ವರ ಗುಂಪು ಕಟ್ಟಿಕೊಂಡು ಪ್ರಯೋಗ ಮಾಡುತ್ತಿದ್ದರು. ‘ಬಾಲ ವೈಜ್ಞಾನಿಕ’ ಎಂಬ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರಗಳಿರುತ್ತಿರಲಿಲ್ಲ. ಏನು ಮಾಡಬೇಕು, ಏನನ್ನು ಗಮನಿಸಬೇಕು ಎಂಬ ಸೂಚನೆಗಳು, ಅದರ ಬೆನ್ನಿಗೆ ಪ್ರಶ್ನೆಗಳು. ಉತ್ತರವನ್ನು ಮಕ್ಕಳೇ ಕಂಡುಕೊಂಡು ಬರೆಯಬೇಕು. ಹೂವನ್ನು ಬಿಡಿಸಿ ಒಳಗಿನ ಭಾಗಗಳನ್ನು ನೋಡಲು ಸೂಜಿ ಬೇಕೆ? ಬೇಲಿಯ ಜಾಲಿಮುಳ್ಳೇ ಸಾಕು.

ಐಐಟಿಯಲ್ಲಿ ಕಲಿತ ಎಂಜಿನಿಯರ್ ಅರವಿಂದ ಗುಪ್ತಾ 1978ರಲ್ಲಿ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಸಣ್ಣ ಸಣ್ಣ ತುಂಡು ಮಾಡಿ, ಅದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಕಟ್ಟಿದರು. ಚೌಕ ಕಟ್ಟಿ ಒತ್ತಿದರೆ ಓರೆಯಾಗುತ್ತದೆ. ತ್ರಿಕೋನ ಜಪ್ಪಯ್ಯ ಎಂದರೂ ಅಲುಗದು. ಸೇತುವೆಗಳಲ್ಲೂ ಛಾವಣಿಯ ಕೈಮರಗಳಲ್ಲೂ ತ್ರಿಕೋನವೇ ಏಕೆ ಕಾಣುತ್ತದೆಂಬುದು ಮಗುವಿನ ಬೆರಳಿಗೇ ತಿಳಿದುಬಿಡುತ್ತದೆ. ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ಈ ಪ್ರಯತ್ನದಲ್ಲಿ ಪಾಲಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಅಲ್ಲಿ ಪಾಠದ ಜತೆಗೆ ಪರೀಕ್ಷೆಯೂ ಬದಲಾಯಿತು. ಪುಸ್ತಕವನ್ನು ಪರೀಕ್ಷೆಗೆ ಒಯ್ಯಬಹುದಿತ್ತು. ಪ್ರಯೋಗ ಮಾಡಿ ತೋರಿಸುವುದಕ್ಕೂ ಅಂಕಗಳಿದ್ದವು. ಉರು ಹೊಡೆದದ್ದಕ್ಕೇ ಅಂಕ ಕೊಡುತ್ತಿದ್ದರೆ ಪ್ರಯೋಗಕ್ಕೆ ಯಾರು ಸಮಯ ಕೊಡುತ್ತಾರೆ? ವರ್ಷವಿಡೀ ಕೈಯಿಂದ ಕಲಿಸಿ ಕೊನೆಗೆ ಬಾಯಿಪಾಠ ಕೇಳಿದರೆ ಮಕ್ಕಳು ಬೇಗನೆ ಗುಟ್ಟು ತಿಳಿದುಕೊಳ್ಳುತ್ತಾರೆ.

ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಒಂದು ಆದೇಶದಿಂದ ಶಾಲೆಯ ಪ್ರಯೋಗ ನಿಲ್ಲಬಹುದು. ಮನೆಯ ಜಗಲಿಯಲ್ಲಿ ನಡೆಯುವುದನ್ನು ತಡೆಯುವವರು ಯಾರು?

ಆ ಹುಡುಗಿಯ ಲೋಲಕವನ್ನೇ ತೆಗೆದುಕೊಳ್ಳಿ. ಒಂದು ದಾರ, ಒಂದು ಕಲ್ಲು, ಒಂದು ಗಡಿಯಾರ. ಕಟ್ಟಿದ ಜಾಗದಿಂದ ಕಲ್ಲಿನ ನಡುವಿನವರೆಗೆ ಒಂದು ಮೀಟರ್ ಬರುವಂತೆ ತೂಗಿಬಿಡಿ. ಮೆಲ್ಲನೆ ಸ್ವಲ್ಪವೇ ಓರೆಗೆಳೆದು ಬಿಟ್ಟು, 20 ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಹೆಚ್ಚೂ ಕಡಿಮೆ 40 ಬರುತ್ತದೆ. ಉದ್ದ ಅಷ್ಟೇ ಇಟ್ಟು ಇನ್ನೂ ಭಾರದ ಕಲ್ಲು ಕಟ್ಟಿ. ಆಗಲೂ 40! ಪುಸ್ತಕದ ವಾಕ್ಯ ಈಗ ಅವಳದೇ ಆಯಿತು.

ಇನ್ನು ಉದ್ದವನ್ನು ಕಾಲುಭಾಗಕ್ಕೆ, ಅಂದರೆ 25 ಸೆಂಟಿಮೀಟರಿಗೆ ಇಳಿಸಿ. ಎಷ್ಟು ಸೆಕೆಂಡು ಬರಬಹುದೆಂದು ಮೊದಲು ಮಗಳೂ ಅಪ್ಪನೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಡಿ. ‘40ರ ಕಾಲುಭಾಗ, 10’ ಎಂದು ಬರೆದವರು ಸೋಲುತ್ತಾರೆ. ಸರಿಯುತ್ತರವನ್ನು ಇಲ್ಲಿ ಹೇಳುವುದಿಲ್ಲ. ದಾರ ನಿಮ್ಮ ಮನೆಯಲ್ಲೇ ಇದೆ.