ಅಕ್ಷರ ಅಳಿಯುವ ಮುನ್ನ

ಕಲಘಟಗಿ ತಾಲ್ಲೂಕಿನ ನಮ್ಮೂರು ತಂಬೂರಿನ ಹಿರಿಯರು ಹೇಳಿದ್ದನ್ನು ಬರೆದಿಡಲು ಹಿಂದೊಮ್ಮೆ ಸ್ವಂತ ಜಾಲತಾಣ ಕಟ್ಟಿದ್ದೆ. ಈಚೆಗೆ ಅದನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಅಕ್ಷರಗಳ ಕಲಸುಮೇಲೋಗರ ಮಾತ್ರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ನಾನು ಬಳಸಿದ್ದು ರೋಮನ್ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುವ ಹಳೆಯ ಫಾಂಟ್. ಅದಿಲ್ಲದ ಯಂತ್ರದಲ್ಲಿ ಕನ್ನಡವೂ ಇಲ್ಲ.

ಮರುವಿನ್ಯಾಸಕ್ಕೆ ಕುಳಿತವನು ಮೊದಲು ಬರಹವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿದೆ. ಬಳಿಕ ಅಕ್ಷರಶೈಲಿಯ ಆಯ್ಕೆ. ಶೀರ್ಷಿಕೆಗೆ, ನಮ್ಮ ಜಿಲ್ಲೆಯ ನಗರದ ಹೆಸರು ಹೊತ್ತ ‘ಹುಬ್ಬಳ್ಳಿ’. ದೀರ್ಘ ಓದಿಗೆ ‘ನೋಟೊ ಸೆರಿಫ್ ಕನ್ನಡ’. ಎರಡೂ ಮುಕ್ತ ಪರವಾನಗಿಯವು. ಆದರೂ ಸಿದ್ಧ ವಿನ್ಯಾಸದ ಸಾಲಂತರ ಇಂಗ್ಲಿಷಿನ ಅಳತೆಯದು: ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು. ಅಂತರವನ್ನು ಅಕ್ಷರಗಾತ್ರದ 1.8 ಪಟ್ಟಿಗೆ ಏರಿಸಿದಾಗಲೇ ಪುಟ ತಿಳಿಯಾಯಿತು.

ಅಂದವನ್ನು ನಾಳೆಯೂ ತಿದ್ದಬಹುದು. ಆದರೆ ಅಂದು ಮಾತನಾಡಿದ ಹಿರಿಯರಲ್ಲಿ ಹಲವರು ಇಂದಿಲ್ಲ. ಅವರನ್ನು ಮತ್ತೆ ಕೇಳುವಂತಿಲ್ಲ. ಹಳೆಯ ಫಾಂಟ್‌ಗಳ ಕಡತಗಳಲ್ಲಿ ಕತೆ, ಪ್ರಬಂಧ, ಮನೆತನದ ದಾಖಲೆಗಳನ್ನು ಇಟ್ಟುಕೊಂಡವರು, ಪರಿವರ್ತಕ ತಂತ್ರಾಂಶಗಳು ಕೈಗೆಟಕುವಂತಿರುವಾಗಲೇ ಅವನ್ನು ಯೂನಿಕೋಡ್‌ಗೆ ತರುವುದು ಒಳಿತು. ‘ಅಕ್ಷರ’ವೆಂದರೆ ಅಳಿಯದ್ದು ಎನ್ನುತ್ತೇವೆ. ಗಣಕದಲ್ಲಿ ಅದು ತಾನಾಗಿ ಉಳಿಯುವುದಿಲ್ಲ, ನಾವು ಉಳಿಸಿಕೊಳ್ಳಬೇಕು.