‘ಚಾರ್ಜು’ ಎಂಬ ಶಬ್ದ

ಇಂಗ್ಲಿಷಿನ ಕೆಲವು ಶಬ್ದಗಳನ್ನು ನಾವು ಕನ್ನಡದವೇ ಎಂಬಂತೆ ದಿನವೂ ಬಳಸುತ್ತೇವೆ. ಅರ್ಥ ಕೇಳಿದರೆ ಮಾತ್ರ ತಡವರಿಸುತ್ತೇವೆ. ‘ಚಾರ್ಜು’ ಅಂತಹದೊಂದು ಶಬ್ದ. ಸ್ವಾರಗೇಟದ ಬಸ್ ನಿಲ್ದಾಣದಲ್ಲಿ ಸಾಮಾನಿಗೆ ಚಾರ್ಜು ಕೇಳುತ್ತಾರೆ. ಕಚೇರಿಯಲ್ಲಿ ಒಬ್ಬ ಕಾರಕೂನ ಇನ್ನೊಬ್ಬನಿಗೆ ಚಾರ್ಜು ಕೊಟ್ಟು ರಜೆಯ ಮೇಲೆ ಹೋಗುತ್ತಾನೆ. ಮೊಬೈಲಿನಲ್ಲಿ ಚಾರ್ಜು ಇಲ್ಲ, ಮೋರ್ಚಾದ ಮೇಲೆ ಲಾಠಿ ಚಾರ್ಜು ಆಯಿತು, ಸಾಹೇಬರು ಚಾರ್ಜ್‌ಶೀಟು ಕೊಟ್ಟರು. ಹಣ, ಅಧಿಕಾರ, ವಿದ್ಯುತ್ತು, ಹೊಡೆತ, ಆಪಾದನೆ ಇವೆಲ್ಲಕ್ಕೂ ಒಂದೇ ಶಬ್ದ ಹೇಗೆ ಬಂದಿತೆಂದು ವಾಚನಾಲಯದ ಬಂಧುಗಳು ಅನೇಕ ಸಲ ಕೇಳಿದ್ದರಿಂದ ಈ ಲೇಖನ.

ಮೂಲದಲ್ಲಿ ಇದು ಚಕ್ಕಡಿಯ ಶಬ್ದ. ಪ್ರಾಚೀನ ಗಾಲ್ ದೇಶದ, ಎಂದರೆ ಈಗಿನ ಫ್ರಾನ್ಸಿನ, ಜನರು ಬಂಡಿಗೆ ಹೇಳುತ್ತಿದ್ದ ಶಬ್ದವನ್ನು ರೋಮನ್ನರು ‘ಕಾರ್ರುಸ್’ ಎಂದು ತಮ್ಮ ಲ್ಯಾಟಿನ್ ಭಾಷೆಗೆ ತೆಗೆದುಕೊಂಡರು. ಅದರಿಂದ ‘ಕಾರ್ರಿಕಾರೆ’, ಅಂದರೆ ಬಂಡಿಗೆ ಹೇರು ಹೇರುವುದು, ಎಂಬ ಕ್ರಿಯಾಪದವಾಯಿತು. ಫ್ರೆಂಚರ ಬಾಯಲ್ಲಿ ಕಕಾರವು ಚಕಾರವಾಗಿ, 13ನೆಯ ಶತಮಾನದಲ್ಲಿ ಅದು ಇಂಗ್ಲಿಷಿನಲ್ಲಿ ನೆಲೆಯೂರಿತು. ಹಡಗಿನ ‘ಕಾರ್ಗೋ’, ರಸ್ತೆಯ ‘ಕಾರು’ ಇದೇ ಬಳ್ಳಿಯ ಕಾಯಿಗಳು. ವ್ಯಂಗ್ಯಚಿತ್ರಕ್ಕೆ ಹೇಳುವ ‘ಕ್ಯಾರಿಕೇಚರ್’ ಕೂಡ ಇಟಲಿಯ ಕಡೆಯಿಂದ ಸುತ್ತಿ ಬಂದ ಇದೇ ಮನೆತನದ್ದು. ಮೂಗಿನ ಮೇಲೆ, ಹೊಟ್ಟೆಯ ಮೇಲೆ ಅಳತೆ ಮೀರಿ ಹೇರಿದ ಚಿತ್ರ ಅದು. ಆದುದರಿಂದ ಚಾರ್ಜು ಎಂದರೆ ಮೊದಲು ಹೊರೆ, ಉಳಿದುದೆಲ್ಲ ಆಮೇಲೆ.

ಹೊರೆಯಿಂದ ಹಣದ ಅರ್ಥ ಹೇಗೆ ಬಂದಿತು? ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ದುಡಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಹಮಾಲ’ ಎಂಬುದು ಹೊರುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದದ್ದು. ಹಮಾಲಿ ಎಂದರೆ ಹೊರುವ ಕೆಲಸವೂ ಹೌದು, ಹೊತ್ತದ್ದಕ್ಕೆ ಕೊಡುವ ದುಡ್ಡೂ ಹೌದು. ಇಂಗ್ಲಿಷಿನಲ್ಲಿ ಚಾರ್ಜು ನಡೆದ ದಾರಿಯೂ ಅದೇ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯಿದೆಯ ಹೆಸರಿನಲ್ಲಿಯೂ ಹೊರೆಯೇ ಅಡಗಿದೆ; ಮಾಥಾ ಎಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ.

ಮಹಾವಿತರಣದ ವಿದ್ಯುತ್ ಬಿಲ್ಲಿನಲ್ಲಿ ಚಾರ್ಜಿಗೆ ಮರಾಠಿಯಲ್ಲಿ ‘ಆಕಾರ’ ಎಂದು ಅಚ್ಚಾಗಿರುತ್ತದೆ. ಹೊಸದಾಗಿ ಬಂದ ಕನ್ನಡಿಗನಿಗೆ ‘ಸ್ಥಿರ ಆಕಾರ’ ಎಂದರೆ ಗುಡಿಯ ಮೂರ್ತಿಯ ವರ್ಣನೆಯೇನೋ ಎನಿಸೀತು! ಊರಿನ ಜಮೀನಿನ ‘ಆಕಾರಬಂದ್’ ನೆನಪಿಗೆ ತಂದುಕೊಂಡರೆ ಗೊಂದಲ ಹರಿಯುತ್ತದೆ. ಅಲ್ಲಿಯೂ ಆಕಾರವೆಂದರೆ ಗೊತ್ತುಪಡಿಸಿದ ಕಂದಾಯವೇ. ವೀಜ ಆಕಾರ ಉರಿಸಿದ ಯೂನಿಟ್ಟಿಗೆ, ವಹನ ಆಕಾರ ತಂತಿಯ ಮೇಲೆ ವಿದ್ಯುತ್ತನ್ನು ಸಾಗಿಸಿದ್ದಕ್ಕೆ. ಕೋಣೆಗೆ ಕೀಲಿ ಹಾಕಿ ಒಂದು ತಿಂಗಳು ಊರಿಗೆ ಹೋದರೂ ಸ್ಥಿರ ಆಕಾರ ತಪ್ಪದು.

ಅಧಿಕಾರದ ಅರ್ಥಕ್ಕೆ ಕನ್ನಡದಲ್ಲಿ ಪ್ರಭಾರ, ಮರಾಠಿಯಲ್ಲಿ ಪದಭಾರ ಎನ್ನುತ್ತಾರೆ. ಎರಡರಲ್ಲಿಯೂ ಭಾರವಿದೆ. ಕೀಲಿಕೈ, ರಿಜಿಸ್ಟರು, ಶಿಲ್ಕು ಎಣಿಸಿಕೊಳ್ಳದೆ ಚಾರ್ಜಿಗೆ ಸಹಿ ಹಾಕುವ ಗಡಿಬಿಡಿಯ ಕಾರಕೂನರು ಆ ಭಾರವನ್ನು ಮುಂದೆ ಅರಿತುಕೊಳ್ಳುತ್ತಾರೆ. ಸಾಲಕ್ಕಾಗಿ ಹೊಲದ ಮೇಲೆ ಬೀಳುವ ಹಕ್ಕಿಗೂ 1882ರ ಸ್ವತ್ತು ವರ್ಗಾವಣೆಯ ಕಾಯಿದೆ ಚಾರ್ಜು ಎಂದೇ ಹೆಸರಿಟ್ಟಿದೆ. ಸಾತಬಾರಾ ಉತಾರದಲ್ಲಿ ಅದು ‘ಬೋಜಾ’. ಸಾಲ ತೀರಿಸಿ ಬಂದವರು ಬ್ಯಾಂಕಿನ ಬಾಕಿಯಿಲ್ಲದ ಪತ್ರ ಪಡೆದು ಉತಾರದ ಬೋಜಾ ಇಳಿದಿದೆಯೋ ಇಲ್ಲವೋ ನೋಡಿಕೊಳ್ಳಬೇಕು.

ಬಂದೂಕಿಗೆ ತುಂಬುವ ಮದ್ದಿನ ಅಳತೆಯೂ ಚಾರ್ಜು. ನಮ್ಮ ಹಿರಿಯರು ‘ಬಾರು’ ಎನ್ನುತ್ತಿದ್ದರು. 1740ರ ದಶಕದಲ್ಲಿ ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನು ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಡುವುದಕ್ಕೆ ಇದೇ ಮಾತನ್ನು ಬಳಸಿದನು. ಮೊಬೈಲಿನ ಚಾರ್ಜು ಆ ಸಾಲಿನದು. ಲಾಠಿ ಚಾರ್ಜಿನಲ್ಲಿ ಮೈಭಾರವನ್ನೆಲ್ಲ ಮುಂದೆ ಹಾಕಿ ನುಗ್ಗುತ್ತಾರೆ. ಹೆಚ್ಚಿನ ವಿವರ ಬೇಡ.

ಇನ್ನು ಚಾರ್ಜ್‌ಶೀಟು. ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ವಿನಂತಿ. ಕನ್ನಡದಲ್ಲಿ ‘ತಪ್ಪು ಹೊರಿಸುವುದು’ ಎನ್ನುತ್ತೇವೆ. ಹೊರು, ಹೊರೆ, ಹೊರಿಸು ಎಲ್ಲ ಒಂದೇ ಮೂಲದವು. ‘ಆರೋಪ’ ಎಂಬ ಸಂಸ್ಕೃತ ಶಬ್ದಕ್ಕೂ ಏರಿಸುವುದು, ಮೇಲಿಡುವುದು ಎಂಬುದೇ ಮೊದಲಿನ ಅರ್ಥ. ಹೊರೆಯನ್ನು ಒಬ್ಬನ ತಲೆಯ ಮೇಲೆ ಇಟ್ಟಿದ್ದಾರೆ, ಅದು ಅವನದೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಷ್ಟು ತಿಳಿಯದೆ ಇಂಡಿಯ ಕಡೆಯ ನಮ್ಮವರೊಬ್ಬರು, ಕೈಗೆ ಚಾರ್ಜ್‌ಶೀಟು ಬಂದೊಡನೆ ಕೆಲಸ ಹೋಯಿತೆಂದೇ ಭಾವಿಸಿ, ಅದೇ ಸಂಜೆ ಸ್ವಾರಗೇಟದಲ್ಲಿ ಬಸ್ಸು ಹತ್ತಿದರು. ಕಾಗದದಲ್ಲಿ ಕೇಳಿದ್ದು ಎರಡು ದಿನದ ಗೈರುಹಾಜರಿಗೆ ಕಾರಣ, ಉತ್ತರಕ್ಕೆ ಕೊಟ್ಟದ್ದು ಮೂರು ದಿನ. ಉತ್ತರ ಹೋಗಲಿಲ್ಲ. ವಿಚಾರಣೆ ಅವರಿಲ್ಲದೆಯೇ ನಡೆದು ಕೆಲಸ ನಿಜವಾಗಿಯೂ ಹೋಯಿತು.

ಕಾಗದ ಮುಟ್ಟಿತೆಂದು ಸಹಿ ಮಾಡಿದರೆ ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ‘ಮುಟ್ಟಿದೆ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿರಿ. ಯಾವ ದಿನ, ಯಾವ ಪಾಳಿ, ಏನು ಮಾಡಿದಿರೆಂದು ಬರೆದಿದೆ, ಎಷ್ಟು ದಿನದೊಳಗೆ ಉತ್ತರ ಬೇಕು, ಇವನ್ನು ಮೊದಲು ನೋಡಬೇಕು. ಇಂಗ್ಲಿಷು ತಿಳಿಯದಿದ್ದರೆ ಸಂಕೋಚಪಡದೆ ವಾಚನಾಲಯಕ್ಕೆ ತನ್ನಿರಿ, ಓದಿ ಹೇಳುತ್ತೇವೆ.

ಪೋಲೀಸರ ಚಾರ್ಜ್‌ಶೀಟು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮಿನಂತೆ ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವ ವರದಿಗೆ ಜನ ಹಾಗೆನ್ನುತ್ತಾರೆ. ಅದನ್ನು ನೋಡಿದ ಮೇಲೆ ಆಧಾರ ಸಾಲದೆಂದು ಕಂಡರೆ ನ್ಯಾಯಾಧೀಶರು ಆರೋಪಿಯನ್ನು ಡಿಸ್‌ಚಾರ್ಜು ಮಾಡುತ್ತಾರೆ. ಸಾಕ್ಷಿ ಪುರಾವೆಗಳೆಲ್ಲ ಮುಗಿದ ಮೇಲೆ ನಿರ್ದೋಷಿ ಎನ್ನುವುದು ಬೇರೆ ಘಟ್ಟ.

‘ಡಿಸ್’ ಸೇರಿದರೆ ಹೊರೆ ಇಳಿಯಿತೆಂದು ತಿಳಿಯಬೇಕು. ಹಡಗಿನಿಂದ ಸರಕು ಇಳಿಸುವುದೂ ಡಿಸ್‌ಚಾರ್ಜು, ರೋಗಿಯನ್ನು ಮನೆಗೆ ಕಳಿಸುವುದೂ ಡಿಸ್‌ಚಾರ್ಜು. ನೌಕರಿಯಲ್ಲಿ ಮಾತ್ರ ಡಿಸ್‌ಚಾರ್ಜು, ಡಿಸ್‌ಮಿಸ್ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಡಿಸ್‌ಮಿಸ್ ಎಂಬುದು ದುರ್ವರ್ತನೆಗಾಗಿ ಕೊಟ್ಟ ಶಿಕ್ಷೆ; ಬರೀ ಡಿಸ್‌ಚಾರ್ಜಿನಲ್ಲಿ ಆ ಕಳಂಕವಿಲ್ಲ. ಹೊಸ ಕಡೆ ಅರ್ಜಿ ಹಾಕುವಾಗ ಹಿಂದಿನ ಕೆಲಸ ಬಿಟ್ಟ ಕಾರಣ ಕೇಳುತ್ತಾರೆ. ಅಲ್ಲಿ ಹಳೆಯ ಕಾಗದದಲ್ಲಿರುವ ಶಬ್ದವನ್ನೇ ಅಕ್ಷರಶಃ ಬರೆಯಿರಿ. ಡಿಸ್‌ಚಾರ್ಜು ಆದವರು ತಾವಾಗಿಯೇ ‘ಡಿಸ್‌ಮಿಸ್’ ಎಂದು ಬರೆದ ಅರ್ಜಿಗಳು ನಮ್ಮ ಮೇಜಿನ ಮೇಲೆ ಬಂದಿವೆ.